ಬರೆದಿಟ್ಟದ್ದು ಬೇಕಾದಾಗ ಸಿಗಬೇಕು

ನೋಟ್ಸ್ ಆ್ಯಪ್ ಯಾವುದನ್ನೂ ಹಾಕಿಕೊಂಡಿಲ್ಲ ಎನ್ನುವವರ ಫೋನಿನಲ್ಲೂ ಒಂದು ನೋಟ್ಸ್ ಆ್ಯಪ್ ಇರುತ್ತದೆ. ಅದರ ಹೆಸರು ವಾಟ್ಸ್‌ಆ್ಯಪ್. ತನಗೆ ತಾನೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ ಅದರಲ್ಲಿ ಬಂದದ್ದು 2022ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲು ಜನ ಒಬ್ಬರೇ ಸದಸ್ಯರಿರುವ ಗ್ರೂಪ್ ಕಟ್ಟಿಕೊಂಡು ಅದೇ ಕೆಲಸ ಸಾಧಿಸುತ್ತಿದ್ದರು. ಗ್ಯಾಸ್ ಬುಕಿಂಗ್ ನಂಬರು, ಮಗಳ ಶಾಲೆಯ ಫೀಸು ಕಟ್ಟಬೇಕಾದ ದಿನ, ಯಾರೋ ಹೇಳಿದ ಮಂಡಿನೋವಿನ ಡಾಕ್ಟರ ಹೆಸರು, ದಿನಸಿ ಪಟ್ಟಿ, ಆಮೇಲೆ ಓದೋಣವೆಂದು ಎತ್ತಿಟ್ಟ ಲಿಂಕು, ಪಹಣಿಯ ಫೋಟೊ ಎಲ್ಲವೂ ಅಲ್ಲೇ ಬೀಳುತ್ತವೆ.

ಇದನ್ನು ತಪ್ಪೆಂದು ಹೇಳಲಾರೆ. ಸದಾ ತೆರೆದೇ ಇರುವ ಆ್ಯಪ್, ಒಂದು ಸಲ ಒತ್ತಿದರೆ ಬರೆಯಲು ಜಾಗ. ಹೊಸ ಆ್ಯಪ್ ಯಾವುದೇ ಇರಲಿ, ಮೊದಲು ಈ ಸಲೀಸನ್ನು ಮೀರಿಸಬೇಕು. ಆದರೆ ಹನ್ನೆರಡು ಸಾಮಾನಿನ ಪಟ್ಟಿಯಲ್ಲಿ ಏಳು ಕೊಂಡಾಯಿತು ಎಂದು ಗುರುತು ಹಾಕಲು ಅಲ್ಲಿ ಜಾಗವಿಲ್ಲ. ಕಳಿಸಿದ ಸಂದೇಶವನ್ನು ತಿದ್ದಲು ಸಿಗುವುದು 15 ನಿಮಿಷ ಮಾತ್ರ. ಡಾಕ್ಟರ ಫೋನ್ ನಂಬರು ಬದಲಾದರೆ ಹಳೆಯದೂ ಉಳಿಯುತ್ತದೆ, ಹೊಸದೂ ಸೇರುತ್ತದೆ; ಆರು ತಿಂಗಳ ನಂತರ ಯಾವುದು ಸರಿ ಎಂದು ಯಾರಿಗೆ ಗೊತ್ತು? ಎಲ್ಲವೂ ಬರೆದ ದಿನಾಂಕದ ಸಾಲಿನಲ್ಲಿ ನಿಲ್ಲುವುದರಿಂದ ಮುಖ್ಯವಾದದ್ದು, ಅಮುಖ್ಯವಾದದ್ದು ಒಂದೇ ವೇಗದಲ್ಲಿ ಮೇಲಕ್ಕೆ ಸರಿದು ಕಣ್ಮರೆಯಾಗುತ್ತವೆ.

ಇಲ್ಲಿಂದ ಮುಂದಕ್ಕೆ ಹೋಗಬೇಕೆನಿಸಿದವರು ಪ್ಲೇ ಸ್ಟೋರ್ ತೆರೆದು ಹುಡುಕಿದರೆ ನೂರಾರು ಹೆಸರು. ಪ್ರತಿಯೊಂದೂ ತಾನು ಏನೇನು ತುಂಬಿಟ್ಟುಕೊಳ್ಳಬಲ್ಲೆ ಎಂದು ಜಾಹೀರಾತು ಕೊಡುತ್ತದೆ: ಫೋಟೊ, ಧ್ವನಿ, ಚಿತ್ರ, ಬಣ್ಣ, ಈಗೀಗ ಎಐ. ನನ್ನ ಮಟ್ಟಿಗೆ ಆಯ್ಕೆಯ ಅಳತೆಗೋಲು ಬೇರೆ. ಹಾಕಿದ್ದನ್ನು ಆ ಆ್ಯಪ್ ಎಷ್ಟು ಬೇಗ, ಎಷ್ಟು ಪೂರ್ತಿಯಾಗಿ ವಾಪಸ್ ಕೊಡುತ್ತದೆ? ಉಳಿದ ಪ್ರಶ್ನೆಗಳೆಲ್ಲ ಇದರ ಮರಿಗಳು.

ಮೊದಲು ಒಂದು ವಿಂಗಡಣೆ ಆಗಬೇಕು. ನಾವು ಬರೆದಿಡುವುದರಲ್ಲಿ ಎರಡು ಜಾತಿ ಇದೆ. ಟಿಪ್ಪಣಿಯನ್ನು ನಾವು ಹುಡುಕಿಕೊಂಡು ಹೋಗುತ್ತೇವೆ. ಕೆಲಸವಾದರೆ ಅದೇ ನಮ್ಮನ್ನು ಹುಡುಕಿಕೊಂಡು ಬರಬೇಕು. ಕರೆಂಟ್ ಮೀಟರಿನ ಆರ್.ಆರ್. ನಂಬರು ಟಿಪ್ಪಣಿ. ಅದಕ್ಕೆ ದಿನಾಂಕವಿಲ್ಲ, ಮುಗಿಯುವುದೆಂಬುದಿಲ್ಲ, ವರ್ಷಕ್ಕೆ ಎರಡು ಸಲ ಬೇಕಾದಾಗ ಸಿಕ್ಕರೆ ಸಾಕು. ಕರೆಂಟ್ ಬಿಲ್ ಕಟ್ಟುವುದು ಕೆಲಸ. ಅದಕ್ಕೆ ಕೊನೆಯ ದಿನವಿದೆ, ಆ ದಿನ ಬರುವ ಮೊದಲು ಫೋನು ಬಾಯಿಬಿಡಬೇಕು, ಕಟ್ಟಿದ ಮೇಲೆ ಪಟ್ಟಿಯಿಂದ ಹೋಗಬೇಕು. ಟಿಪ್ಪಣಿಗೆ ಒಳ್ಳೆಯ ಹುಡುಕಾಟ ಬೇಕು, ಕೆಲಸಕ್ಕೆ ಒಳ್ಳೆಯ ಗಂಟೆ ಬೇಕು. ಎರಡನ್ನೂ ಒಂದೇ ಆ್ಯಪ್ ಮಾಡಿಕೊಟ್ಟರೆ ಸಂತೋಷ. ಮಾಡದಿದ್ದರೆ ಎರಡು ಪುಟ್ಟ ಆ್ಯಪ್ ಇಟ್ಟುಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ.

ಕೆಲಸವನ್ನು ಬರೆಯುವ ರೀತಿಯೂ ಮುಖ್ಯ. ‘ಮನೆ ಕಂದಾಯ’ ಎಂದು ಬರೆದರೆ ಅದು ಬರೀ ಚಿಂತೆ. ‘ಮನೆ ಕಂದಾಯ ಕಟ್ಟುವುದು, ಏಪ್ರಿಲ್ 20’ ಎಂದು ಬರೆದರೆ ಕೆಲಸ. ಏಪ್ರಿಲ್ ಒಳಗೆ ಕಟ್ಟಿದವರಿಗೆ ನಮ್ಮ ನಗರ ಸಂಸ್ಥೆಗಳು ಶೇ 5 ರಿಯಾಯಿತಿ ಕೊಡುತ್ತವೆ. ರಿಮೈಂಡರನ್ನು 30ಕ್ಕೆ ಇಟ್ಟುಕೊಂಡವರು ಅವತ್ತು ಸರ್ವರ್ ಕೈಕೊಟ್ಟರೆ ಆ ದುಡ್ಡನ್ನು ಬಿಟ್ಟಂತೆಯೇ.

ಕನ್ನಡದಲ್ಲಿ ಹುಡುಕುವುದು

ನೋಟ್ಸ್ ಆ್ಯಪ್‌ಗಳನ್ನು ತೂಗಿ ನೋಡುವ ಇಂಗ್ಲಿಷ್ ಬರಹಗಳು, ವಿಡಿಯೊಗಳು ಒಂದು ವಿಷಯದ ತಂಟೆಗೇ ಹೋಗುವುದಿಲ್ಲ. ಅವರಿಗೆ ಅದರ ಅಗತ್ಯವೂ ಇಲ್ಲ. ಕನ್ನಡದಲ್ಲಿ ಬರೆದಿಟ್ಟದ್ದು ಹುಡುಕಿದರೆ ಸಿಗುತ್ತದೆಯೇ?

‘ಹಾಲಿನ ಲೆಕ್ಕ’ ಎಂದು ಶೀರ್ಷಿಕೆ ಕೊಟ್ಟು ಒಂದು ನೋಟು ಬರೆದಿದ್ದೀರಿ ಎನ್ನಿ. ತಿಂಗಳ ಕೊನೆಗೆ ‘ಹಾಲು’ ಎಂದು ಹುಡುಕಿದರೆ ಆ್ಯಪ್ ಏನೂ ಇಲ್ಲ ಎನ್ನುತ್ತದೆ. ಆ್ಯಪಿಗೆ ಕನ್ನಡ ವ್ಯಾಕರಣ ಗೊತ್ತಿಲ್ಲ. ಅದರ ಕಣ್ಣಿಗೆ ಹಾಲು ಎಂದರೆ ಹ, ಇಳಿ, ಲ, ಕೊಂಬು ಎಂಬ ನಾಲ್ಕು ಸಂಕೇತಗಳ ಸಾಲು. ‘ಹಾಲಿನ’ ಎನ್ನುವಲ್ಲಿ ಕೊಂಬಿನ ಜಾಗಕ್ಕೆ ಗುಡಿಸು ಬಂದಿದೆ, ಹಾಗಾಗಿ ಸಾಲು ಹೊಂದುವುದಿಲ್ಲ. ವಿಭಕ್ತಿ ಹತ್ತಿದಾಗ ಕೊನೆಯ ಕೊಂಬು ಬಿದ್ದುಹೋಗುವ ಪದಗಳಲ್ಲೆಲ್ಲ ಇದೇ ಕಥೆ: ಊರು-ಊರಿನ, ಬಿಲ್ಲು-ಬಿಲ್ಲಿಗೆ, ಕಾರು-ಕಾರಿನ. ಪರಿಹಾರ ಸುಲಭ. ಹುಡುಕುವಾಗ ಕೊನೆಯ ಕೊಂಬನ್ನು ಬಿಟ್ಟು ‘ಹಾಲ’, ‘ಊರ’, ‘ಕಾರ’ ಎಂದಷ್ಟೇ ಬರೆಯಿರಿ. ಹಾಲಪ್ಪನವರ ಫೋನ್ ನಂಬರೂ ಜೊತೆಗೆ ಬಂದೀತು, ಬರಲಿ. ಮನೆ, ಬಾಡಿಗೆ, ಪುಸ್ತಕ, ಚೀಟಿಯಂಥ ಪದಗಳಿಗೆ ಈ ತಾಪತ್ರಯವಿಲ್ಲ; ಅವುಗಳಿಗೆ ಪ್ರತ್ಯಯ ಹಿಂದೆ ಅಂಟಿಕೊಳ್ಳುತ್ತದೆಯೇ ಹೊರತು ಪದ ಬದಲಾಗುವುದಿಲ್ಲ.

ಅಂಟಿಸಿ ಬರೆಯುವ ಪದಗಳದು ಇನ್ನೊಂದು ಪರೀಕ್ಷೆ. ‘ಮನೆಬಾಡಿಗೆ ರಸೀದಿ’ ಎಂದು ಬರೆದಿಟ್ಟು ‘ಬಾಡಿಗೆ’ ಎಂದು ಹುಡುಕಿ. ಕೆಲವು ಆ್ಯಪ್‌ಗಳು ಪದದ ಹೊಟ್ಟೆಯೊಳಗೂ ಹುಡುಕುತ್ತವೆ, ಕೆಲವು ಪದದ ಆರಂಭದಿಂದ ಮಾತ್ರ. ಎರಡನೆಯ ಜಾತಿಯ ಆ್ಯಪ್ ಕನ್ನಡಕ್ಕೆ ಅಷ್ಟು ಒಳ್ಳೆಯದಲ್ಲ, ಏಕೆಂದರೆ ನಾವು ಎರಡು ಪದ ಸೇರಿಸಿ ಬರೆಯುವುದು ಹೆಚ್ಚು, ಒಂದು ಸಲ ಸೇರಿಸಿ ಇನ್ನೊಂದು ಸಲ ಬಿಡಿಸಿ ಬರೆಯುವುದು ಇನ್ನೂ ಹೆಚ್ಚು.

ಕಣ್ಣಿಗೆ ಕಾಣದ ತೊಡಕೂ ಒಂದಿದೆ. ‘ಫೇಸ್‌ಬುಕ್’ ಎಂದು ಬರೆಯುವಾಗ ಸ ಮತ್ತು ಬ ಒತ್ತಕ್ಷರವಾಗದಂತೆ ತಡೆಯಲು ನಡುವೆ ಒಂದು ಅದೃಶ್ಯ ಸಂಕೇತ ಬೇಕು. ಕೆಲವು ಕೀಲಿಮಣೆಗಳು ಪದದ ಕೊನೆಯಲ್ಲಿ ಅರ್ಧಾಕ್ಷರ ಬಂದಾಗಲೂ ಆ ಸಂಕೇತವನ್ನು ತಾವಾಗಿಯೇ ಸೇರಿಸುತ್ತವೆ. ಆಗ ನೋಡಲು ಒಂದೇ ಥರ ಇರುವ ಎರಡು ಪದಗಳು ಯಂತ್ರಕ್ಕೆ ಬೇರೆಬೇರೆಯಾಗಿ ಕಾಣಬಹುದು. ಕಂಪ್ಯೂಟರಿನಲ್ಲಿ ಒಂದು ಕೀಲಿಮಣೆ, ಫೋನಿನಲ್ಲಿ ಇನ್ನೊಂದು ಬಳಸುವವರಿಗೆ ಈ ಅನುಭವ ಆಗಿಯೇ ಇರುತ್ತದೆ. ಅಂಕಿಗಳದೂ ಹೀಗೆಯೇ: ೨೦೨೫ ಮತ್ತು 2025 ಬೇರೆ ಸಂಕೇತಗಳು. ಅಭಿಮಾನಕ್ಕೆ ಕನ್ನಡ ಅಂಕಿ ಬಳಸುವವರು ಎಲ್ಲ ಕಡೆಯೂ ಅದನ್ನೇ ಬಳಸಲಿ. ಫೋನ್ ನಂಬರುಗಳನ್ನು ಮಾತ್ರ ಡಯಲ್ ಮಾಡುವ ಅಂಕಿಗಳಲ್ಲೇ ಇಡುವುದು ಲೇಸು.

ಇದೆಲ್ಲಕ್ಕಿಂತ ದೊಡ್ಡ ಗೊಂದಲ ನಮ್ಮ ಮಾತಿನದೇ. ಇವತ್ತು ‘ಕರೆಂಟ್ ಬಿಲ್’, ನಾಳೆ ‘ವಿದ್ಯುತ್’, ನಾಡಿದ್ದು ‘ಬೆಸ್ಕಾಂ’, ಅವಸರದಲ್ಲಿದ್ದರೆ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿಬಿಡುತ್ತೇವೆ. ಯಾವ ಆ್ಯಪೂ ಇವೆಲ್ಲ ಒಂದೇ ಎಂದು ತಾನಾಗಿ ತಿಳಿದುಕೊಳ್ಳುತ್ತದೆಂದು ನೆಚ್ಚಿಕೊಳ್ಳಲಾಗದು. ಮುಖ್ಯವಾದ ನೋಟುಗಳ ಕೊನೆಯಲ್ಲಿ ಒಂದು ಸಾಲು ಬಿಟ್ಟು, ಮುಂದೊಂದು ದಿನ ನಿಮಗೆ ಯಾವ ಪದ ಹೊಳೆದೀತೋ ಆ ಪದಗಳನ್ನೆಲ್ಲ ಸುರಿದುಬಿಡಿ: ಕರೆಂಟ್, ವಿದ್ಯುತ್, ಬೆಸ್ಕಾಂ, ಮೀಟರ್, ಜೊತೆಗೆ ಇಂಗ್ಲಿಷ್ ಅಕ್ಷರದಲ್ಲೂ ಒಂದು ಸಲ. ನೋಡಲು ಚೆಂದವಿಲ್ಲದಿದ್ದರೂ ಕೆಲಸಕ್ಕೆ ಬರುತ್ತದೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಮೇಷ್ಟರುಗಳ, ಲೇಖಕರ, ವಕೀಲರ ಕಂಪ್ಯೂಟರುಗಳಲ್ಲಿ ರಾಶಿ ಬಿದ್ದಿವೆ. ಅವನ್ನು ಹಾಗೇ ನಕಲು ಮಾಡಿ ಆ್ಯಪಿನಲ್ಲಿ ಅಂಟಿಸಿದರೆ ರೋಮನ್ ಅಕ್ಷರಗಳ ಕಸ ಬರುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಆ ಕೆಲಸಕ್ಕೆ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ.

ಇಷ್ಟು ಮಾಡಿದರೆ ಫೋಲ್ಡರುಗಳ ಅವಶ್ಯಕತೆ ಬಹಳ ಕಡಿಮೆಯಾಗುತ್ತದೆ. ಹೊಸ ಆ್ಯಪ್ ಹಾಕಿಕೊಂಡ ದಿನವೇ ಹದಿನೈದು ಫೋಲ್ಡರು, ಅವುಗಳೊಳಗೆ ಮರಿ ಫೋಲ್ಡರು, ಒಂದೊಂದಕ್ಕೂ ಬಣ್ಣ ಎಂದು ಕೂರುವವರಿದ್ದಾರೆ. ಅದು ನೋಟು ಬರೆಯುವ ಕೆಲಸವನ್ನು ಮುಂದೂಡುವ ಗೌರವಸ್ಥ ದಾರಿ. ಮನೆ, ಕಚೇರಿ, ಆರೋಗ್ಯ, ಹಣ ಎಂಬ ನಾಲ್ಕೈದು ಲೇಬಲ್‌ಗಳು ಹೆಚ್ಚಿನವರಿಗೆ ಸಾಕು.

ಗಂಟೆ ಹೊಡೆಯದ ರಿಮೈಂಡರ್

ರಿಮೈಂಡರ್ ಇಟ್ಟಿದ್ದೆ, ಬರಲೇ ಇಲ್ಲ ಎಂಬ ದೂರು ಸಾಮಾನ್ಯ. ತಪ್ಪು ಎಷ್ಟೋ ಸಲ ಆ್ಯಪಿನದಲ್ಲ. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದೀಚೆಗೆ ಹೊಸದಾಗಿ ಹಾಕಿಕೊಂಡ ಆ್ಯಪ್ ನೋಟಿಫಿಕೇಶನ್ ತೋರಿಸಲು ನಿಮ್ಮ ಅನುಮತಿ ಕೇಳಬೇಕು. ಆ ಪ್ರಶ್ನೆ ಬಂದಾಗ ನಾವು ಅಭ್ಯಾಸಬಲದಿಂದ ‘ಬೇಡ’ ಒತ್ತಿರುತ್ತೇವೆ. ಎರಡನೆಯ ಕಾರಣ ಬ್ಯಾಟರಿ ಉಳಿಸುವ ವ್ಯವಸ್ಥೆ. ಕೆಲವು ಕಂಪನಿಗಳ ಫೋನುಗಳು ಬಳಸದೆ ಬಿಟ್ಟ ಆ್ಯಪನ್ನು ಹಿನ್ನೆಲೆಯಲ್ಲಿ ನಿದ್ದೆಗೆ ಕಳಿಸುತ್ತವೆ. ಮಲಗಿದ ಆ್ಯಪ್ ಗಂಟೆ ಹೊಡೆಯುವುದಾದರೂ ಹೇಗೆ? ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಪುಟಕ್ಕೆ ಹೋಗಿ ನೋಟಿಫಿಕೇಶನ್ ಚಾಲೂ ಮಾಡಿ, ಬ್ಯಾಟರಿ ನಿರ್ಬಂಧ ತೆಗೆಯಿರಿ. ಹತ್ತು ನಿಮಿಷದ ನಂತರಕ್ಕೆ ಒಂದು ರಿಮೈಂಡರ್ ಇಟ್ಟು, ಫೋನನ್ನು ಬದಿಗಿಟ್ಟು ನೋಡಿ. ಬಂದರೆ ಮಾತ್ರ ಔಷಧಿ, ವಿಮೆ ಕಂತು, ವಾಹನದ ಹೊಗೆ ತಪಾಸಣೆಯಂಥವನ್ನು ಅದಕ್ಕೆ ಒಪ್ಪಿಸಿ.

ಮತ್ತೆ ಮತ್ತೆ ಬರುವ ಕೆಲಸಗಳನ್ನು ಒಂದೇ ಸಲ ಬರೆದು ‘ಪ್ರತಿ ತಿಂಗಳು’, ‘ಪ್ರತಿ ವರ್ಷ’ ಎಂದು ಇಡಲು ಬರಬೇಕು. ಗೂಗಲ್ ಟಾಸ್ಕ್ಸ್, ಮೈಕ್ರೊಸಾಫ್ಟ್ ಟು ಡು ಎರಡರಲ್ಲೂ ಇದು ಉಂಟು. ಟು ಡುವಿನಲ್ಲಿ ನನಗೆ ಹಿಡಿಸಿದ್ದು ‘ನನ್ನ ದಿನ’ ಎಂಬ ಪಟ್ಟಿ. ಅದು ಪ್ರತಿ ರಾತ್ರಿ ತಾನೇ ಖಾಲಿಯಾಗುತ್ತದೆ. ಮುಗಿಯದ ಕೆಲಸ ಅದರ ಮೂಲ ಪಟ್ಟಿಯಲ್ಲಿ ಹಾಗೇ ಉಳಿದಿರುತ್ತದೆ. ನಿನ್ನೆಯ ಬಾಕಿ ಬೆಳಿಗ್ಗೆ ಎದ್ದ ಕೂಡಲೇ ಮುಖಕ್ಕೆ ರಾಚುವುದಿಲ್ಲ.

ನೋಟು ಇರುವುದು ಎಲ್ಲಿ

ನೀವು ಬರೆದದ್ದು ಮೂರರಲ್ಲಿ ಒಂದು ಕಡೆ ಇರುತ್ತದೆ. ಫೋನಿನಲ್ಲಿ ಮಾತ್ರ; ಕಂಪನಿಯ ಸರ್ವರಿನಲ್ಲಿ, ನಿಮ್ಮ ಫೋನಿನಲ್ಲಿ ಅದರ ಒಂದು ಪ್ರತಿ; ಅಥವಾ ನಿಮ್ಮದೇ ಫೋಲ್ಡರಿನಲ್ಲಿ ಸಾಮಾನ್ಯ ಫೈಲಿನ ರೂಪದಲ್ಲಿ.

ಮೊದಲನೆಯದು ಫೋನು ಕಳೆದರೆ ಕಳೆದಂತೆ. ಫೋನಿನ ಜೊತೆಗೇ ಬಂದಿರುವ ನೋಟ್ಸ್ ಆ್ಯಪ್‌ಗಳ ಬಗ್ಗೆ ಎಚ್ಚರ ಬೇಕಾಗುವುದು ಇಲ್ಲಿಯೇ. ಅವು ಆ ಕಂಪನಿಯ ಖಾತೆಗೆ ಲಾಗಿನ್ ಆದರೆ ಮಾತ್ರ ಬ್ಯಾಕಪ್ ಮಾಡುತ್ತವೆ. ನಮ್ಮಲ್ಲಿ ಮೂರು ವರ್ಷಕ್ಕೊಮ್ಮೆ ಫೋನು ಬದಲಿಸುವಾಗ ಬ್ರ್ಯಾಂಡನ್ನೂ ಬದಲಿಸುವವರೇ ಬಹಳ. ಹೊಸ ಕಂಪನಿಯ ಫೋನಿಗೆ ಹಳೆಯ ಕಂಪನಿಯ ನೋಟುಗಳು ಸರಾಗವಾಗಿ ಬರುವುದಿಲ್ಲ.

ಎರಡನೆಯದು ಇವತ್ತು ಹೆಚ್ಚಿನವರು ಬಳಸುವ ವ್ಯವಸ್ಥೆ. ಬರೆದ ಕೂಡಲೇ ನೋಟು ಸರ್ವರಿಗೆ ಹೋಗುತ್ತದೆ, ಅಲ್ಲಿಂದ ನಿಮ್ಮ ಕಂಪ್ಯೂಟರಿಗೆ ಬರುತ್ತದೆ. ನೆಟ್‌ವರ್ಕ್ ಇಲ್ಲದಾಗ ಏನಾಗುತ್ತದೆ ಎಂಬುದು ಕೇಳಬೇಕಾದ ಪ್ರಶ್ನೆ. ಘಟ್ಟ ಇಳಿಯುವ ಬಸ್ಸಿನಲ್ಲಿ ಕೂತು ಬರೆದದ್ದನ್ನು ಆ್ಯಪ್ ಫೋನಿನಲ್ಲೇ ಹಿಡಿದಿಟ್ಟುಕೊಂಡು ಸಿಗ್ನಲ್ ಬಂದಾಗ ಕಳಿಸಬೇಕು. ಈ ನಡುವೆ ಅದೇ ನೋಟನ್ನು ಮನೆಯ ಕಂಪ್ಯೂಟರಿನಲ್ಲಿ ಬೇರೆಯವರು ತಿದ್ದಿದ್ದರೆ ಎರಡು ಆವೃತ್ತಿಗಳು ಡಿಕ್ಕಿ ಹೊಡೆಯುತ್ತವೆ. ಒಳ್ಳೆಯ ಆ್ಯಪ್ ಎರಡನ್ನೂ ಉಳಿಸಿ ನಿಮಗೆ ತೋರಿಸುತ್ತದೆ. ಜಾಪ್ಲಿನ್ ಎಂಬ ಆ್ಯಪ್ ಇದಕ್ಕೆಂದೇ ಒಂದು ಪ್ರತ್ಯೇಕ ನೋಟ್‌ಬುಕ್ ಮಾಡಿಡುತ್ತದೆ. ಕೆಟ್ಟ ಆ್ಯಪ್ ಕೊನೆಗೆ ಬಂದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಸದ್ದಿಲ್ಲದೆ ಅಳಿಸುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಐದು ನಿಮಿಷ ಪ್ರಯೋಗ ಮಾಡಿದರೆ ನಿಮ್ಮ ಆ್ಯಪ್ ಯಾವ ಜಾತಿಯದೆಂದು ಗೊತ್ತಾಗುತ್ತದೆ.

ಮೂರನೆಯ ದಾರಿ, ಅಂದರೆ ಸಾಮಾನ್ಯ ಫೈಲುಗಳು, ಒಬ್ಸಿಡಿಯನ್ ಎಂಬ ಆ್ಯಪ್ ಹಿಡಿದಿರುವುದು. ಅದರಲ್ಲಿ ಪ್ರತಿ ನೋಟೂ ಒಂದು ಪಠ್ಯ ಕಡತ. ಆ್ಯಪನ್ನು ತೆಗೆದುಹಾಕಿದರೂ ಫೈಲು ಅಲ್ಲೇ ಇರುತ್ತದೆ, ಬೇರೆ ಯಾವ ಎಡಿಟರಿನಲ್ಲೂ ತೆರೆಯಬಹುದು. ತಲೆಬರಹ, ಪಟ್ಟಿ ಮುಂತಾದವನ್ನು ಗುರುತಿಸಲು ಅದು ಬಳಸುವ ಮಾರ್ಕ್‌ಡೌನ್ ಎಂಬ ಸರಳ ಪದ್ಧತಿಯನ್ನು ಜಾನ್ ಗ್ರೂಬರ್ 2004ರಲ್ಲಿ ಪ್ರಕಟಿಸಿದರು. ಫೋನು ಮತ್ತು ಕಂಪ್ಯೂಟರಿನ ನಡುವೆ ಈ ಫೈಲುಗಳನ್ನು ಹೊಂದಿಸುವ ಜವಾಬ್ದಾರಿ ಮಾತ್ರ ನಿಮ್ಮದೇ, ಇಲ್ಲವೆ ಅವರ ಸಿಂಕ್ ಸೇವೆಗೆ ದುಡ್ಡು ಕೊಡಬೇಕು.

ಹಾಕಿದ್ದನ್ನು ಹೊರಗೆ ಒಯ್ಯಲು ಬರುತ್ತದೆಯೇ ಎಂದು ನಾನು ಇಷ್ಟು ಒತ್ತಿ ಕೇಳುವುದಕ್ಕೆ ಕಾರಣ ಇತಿಹಾಸದಲ್ಲಿದೆ. ಗೂಗಲ್ ನೋಟ್‌ಬುಕ್ 2006ರಲ್ಲಿ ಶುರುವಾಯಿತು, 2009ರಲ್ಲಿ ಅದರ ಬೆಳವಣಿಗೆ ನಿಂತಿತು, 2012ರಲ್ಲಿ ಮುಚ್ಚಿತು. ವಂಡರ್‌ಲಿಸ್ಟ್ ಎಂಬ ಬರ್ಲಿನ್‌ನ ಕೆಲಸಪಟ್ಟಿಯ ಆ್ಯಪ್ ಜನಪ್ರಿಯವಾಗಿತ್ತು. 2015ರಲ್ಲಿ ಮೈಕ್ರೊಸಾಫ್ಟ್ ಅದನ್ನು ಕೊಂಡಿತು, 2017ರಲ್ಲಿ ತನ್ನದೇ ಟು ಡು ಬಿಟ್ಟಿತು, 2020ರ ಮೇ 6ರಂದು ವಂಡರ್‌ಲಿಸ್ಟಿಗೆ ಬೀಗ ಹಾಕಿತು. ಎವರ್‌ನೋಟ್ ಒಂದು ಕಾಲಕ್ಕೆ ಈ ಕ್ಷೇತ್ರದ ರಾಜ. ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿ ಅದನ್ನು ಕೊಂಡ ಮೇಲೆ, 2023ರ ಡಿಸೆಂಬರ್‌ನಲ್ಲಿ ಉಚಿತ ಬಳಕೆದಾರರಿಗೆ 50 ನೋಟು, ಒಂದೇ ನೋಟ್‌ಬುಕ್ ಎಂಬ ಮಿತಿ ಬಂತು. ಸಾವಿರಾರು ನೋಟು ತುಂಬಿದ್ದವರ ಹಳೆಯದನ್ನು ಅವರು ಅಳಿಸಲಿಲ್ಲ. ಹೊಸ ನೋಟು ಸೇರಿಸಬೇಕಿದ್ದರೆ ದುಡ್ಡು ಕಟ್ಟಿ ಎಂದರು. ಇವರಲ್ಲಿ ಯಾರನ್ನೂ ಮೋಸಗಾರರೆನ್ನಲು ಬರುವುದಿಲ್ಲ, ಎಲ್ಲರೂ ಮೊದಲೇ ತಿಳಿಸಿದ್ದರು, ಹೊರಗೆ ಒಯ್ಯಲು ದಾರಿಯನ್ನೂ ಕೊಟ್ಟಿದ್ದರು. ಕಂಪನಿಯ ಲೆಕ್ಕಾಚಾರ ಬದಲಾದಾಗ ನಮ್ಮ ದಿನಸಿ ಪಟ್ಟಿಯೂ ಬದಲಾಗಬೇಕಾಗುತ್ತದೆ, ಅಷ್ಟೆ.

ಹಾಗಾದರೆ ಯಾವುದು?

ಆಂಡ್ರಾಯ್ಡ್ ಫೋನು, ಜಿಮೇಲ್ ಖಾತೆ ಇರುವ ಸಾಮಾನ್ಯ ಬಳಕೆದಾರರಿಗೆ ನಾನು ಹೇಳುವುದು ಗೂಗಲ್ ಕೀಪ್. 2013ರಲ್ಲಿ ಬಂದದ್ದು, ಇನ್ನೂ ಸರಳವಾಗಿಯೇ ಉಳಿದಿದೆ. ಟಿಕ್ ಹಾಕುವ ಪಟ್ಟಿ ಮಾಡಬಹುದು, ಮುಖ್ಯವಾದದ್ದನ್ನು ಮೇಲೆ ಪಿನ್ ಮಾಡಬಹುದು, ನೆಟ್ ಇಲ್ಲದೆಯೂ ಬರೆಯಬಹುದು. ಅದರ ನಿಜವಾದ ಗುಣ ಹಂಚಿಕೊಳ್ಳುವುದರಲ್ಲಿದೆ. ದಿನಸಿ ಪಟ್ಟಿಯನ್ನು ಮನೆಯವರ ಜೊತೆ ಹಂಚಿಕೊಂಡರೆ ಅಂಗಡಿಯಲ್ಲಿ ನಿಂತವರ ಫೋನಿನಲ್ಲೇ ‘ಇಂಗು’ ಎಂಬ ಹೊಸ ಸಾಲು ಮೂಡುತ್ತದೆ, ಅಡುಗೆಮನೆಯಿಂದ. ರಿಮೈಂಡರ್‌ಗಳನ್ನು ಗೂಗಲ್ ಈಗ ಟಾಸ್ಕ್ಸ್‌ಗೆ ಸೇರಿಸುತ್ತಿದೆ, ಅವು ಕ್ಯಾಲೆಂಡರಿನಲ್ಲೂ ಕಾಣುತ್ತವೆ. ದೌರ್ಬಲ್ಯವೆಂದರೆ ಉದ್ದ ಬರಹಕ್ಕೆ ಅದು ಹೇಳಿಸಿದ್ದಲ್ಲ. ಮತ್ತೆ, ಅಳಿಸಿದ ನೋಟು ಕಸದ ಬುಟ್ಟಿಯಲ್ಲಿ ಉಳಿಯುವುದು 7 ದಿನ ಮಾತ್ರ; ಮುಗಿದ ಪಟ್ಟಿಗಳನ್ನು ಅಳಿಸುವ ಬದಲು ಆರ್ಕೈವ್ ಮಾಡುವುದೇ ಕ್ಷೇಮ.

ಬರೀ ಅಕ್ಷರ ಸಾಕು, ಫೋಟೊ ಬೇಡ, ರಿಮೈಂಡರೂ ಬೇಡ ಎನ್ನುವವರಿಗೆ ಸಿಂಪಲ್‌ನೋಟ್ ಇದೆ. ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿಯದು, ಉಚಿತ. ನೋಟಿನ ಹಳೆಯ ಆವೃತ್ತಿಗಳಿಗೆ ಹಿಂದಕ್ಕೆ ಸರಿದು ನೋಡಬಹುದು ಎಂಬುದು ಅದರ ಸೊಗಸು. ಕಚೇರಿಯಲ್ಲಿ ವಿಂಡೋಸ್, ಔಟ್‌ಲುಕ್‌ಗಳಲ್ಲೇ ಮುಳುಗಿರುವವರಿಗೆ ಟು ಡು ಸಹಜ ಜೋಡಿ. ಒನ್‌ನೋಟ್ ದೊಡ್ಡ ಯಂತ್ರ. ತರಗತಿಯ ನೋಟ್ಸ್, ಬೆರಳಲ್ಲೋ ಪೆನ್ನಿನಲ್ಲೋ ಬರೆಯುವುದು, ಪುಟಗಟ್ಟಲೆ ಫೋಟೊ ಇವಕ್ಕೆ ಸೈ, ಹಾಲಿನ ಲೆಕ್ಕಕ್ಕೆ ಅತಿಯಾಯಿತು. ನೋಶನ್ ಬಗ್ಗೆ ಯುವಕರು ಮೈಮರೆತು ಮಾತಾಡುತ್ತಾರೆ. ತಂಡವಾಗಿ ಕೆಲಸ ಮಾಡುವವರಿಗೆ ಅದು ಒಳ್ಳೆಯದಿರಬಹುದು. ಒಬ್ಬ ಗೃಹಸ್ಥನ ಪಟ್ಟಿಗಳಿಗೆ ಅದನ್ನು ಒಗ್ಗಿಸುವ ಹೊತ್ತಿಗೆ ಪಟ್ಟಿಯಲ್ಲಿದ್ದ ಕೆಲಸವೇ ಮುಗಿದಿರುತ್ತದೆ.

ಗುಟ್ಟಿನ ವಿಷಯ ಬರೆಯುವವರು ಜಾಪ್ಲಿನ್ ಅಥವಾ ಸ್ಟ್ಯಾಂಡರ್ಡ್ ನೋಟ್ಸ್ ನೋಡಬಹುದು. ಸ್ಟ್ಯಾಂಡರ್ಡ್ ನೋಟ್ಸ್‌ನಲ್ಲಿ ನೋಟು ಫೋನಿನಿಂದ ಹೊರಡುವ ಮೊದಲೇ ಬೀಗ ಬಿದ್ದಿರುತ್ತದೆ, ಬೀಗದ ಕೈ ಕಂಪನಿಯ ಬಳಿಯೂ ಇರುವುದಿಲ್ಲ. ಜಾಪ್ಲಿನ್‌ನಲ್ಲಿ ಆ ಬೀಗವನ್ನು ನೀವೇ ಚಾಲೂ ಮಾಡಿಕೊಳ್ಳಬೇಕು. ಪಾಸ್‌ವರ್ಡ್ ಮರೆತರೆ ನೀವೂ ಹೊರಗೇ ಎಂಬುದನ್ನು ಮರೆಯಬೇಡಿ. ಕೀಪ್, ಸಿಂಪಲ್‌ನೋಟ್‌ಗಳಲ್ಲಿ ಅಂಥ ವ್ಯವಸ್ಥೆ ಇಲ್ಲ. ಅದೇನೇ ಇರಲಿ, ಎಟಿಎಂ ಪಿನ್, ಯುಪಿಐ ಪಿನ್, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡುಗಳಿಗೆ ಯಾವ ನೋಟ್ಸ್ ಆ್ಯಪೂ ಜಾಗವಲ್ಲ. ಪಾಸ್‌ವರ್ಡಿಗೆ ಪಾಸ್‌ವರ್ಡ್ ಮ್ಯಾನೇಜರ್ ಇದೆ, ಆಧಾರ್, ಡಿಎಲ್‌ಗಳಿಗೆ ಡಿಜಿಲಾಕರ್ ಇದೆ; ಪಿನ್‌ಗಳಿಗೆ ತಲೆ ಇದೆ.

ಒಂದನ್ನು ಆರಿಸಿದ ಮೇಲೆ ಹಳೆಯದನ್ನೆಲ್ಲ ಅದಕ್ಕೆ ಸಾಗಿಸುವ ಉತ್ಸಾಹ ಬೇಡ. ಇವತ್ತಿನಿಂದ ಬರೆಯುವುದನ್ನು ಮಾತ್ರ ಹೊಸದರಲ್ಲಿ ಬರೆಯಿರಿ. ಹಳೆಯ ಜಾಗದಲ್ಲಿ ಏನಾದರೂ ಹುಡುಕಬೇಕಾಗಿ ಬಂದಾಗ, ಸಿಕ್ಕಿದ ಆ ಒಂದು ನೋಟನ್ನು ಹೊಸದಕ್ಕೆ ತನ್ನಿ. ವರ್ಷ ಕಳೆಯುವಷ್ಟರಲ್ಲಿ ಬೇಕಾದದ್ದೆಲ್ಲ ಬಂದಿರುತ್ತದೆ, ಬಾರದೆ ಉಳಿದದ್ದು ಬೇಕಾಗಿರಲಿಲ್ಲ.

ಬ್ಯಾಕಪ್ಪಿಗೆ ವರ್ಷಕ್ಕೊಂದು ದಿನ ಗೊತ್ತು ಮಾಡಿ, ಅದನ್ನೂ ಕೆಲಸದ ಪಟ್ಟಿಗೇ ಸೇರಿಸಿ. ಕೀಪ್ ಬಳಸುವವರು ಗೂಗಲ್ ಟೇಕ್‌ಔಟ್‌ಗೆ ಹೋಗಿ, ಎಲ್ಲ ಸೇವೆಗಳ ಗುರುತನ್ನು ತೆಗೆದು ಕೀಪ್ ಒಂದನ್ನೇ ಆರಿಸಿದರೆ ಇಮೇಲಿಗೆ ಒಂದು ಜಿಪ್ ಫೈಲಿನ ಕೊಂಡಿ ಬರುತ್ತದೆ. ಪಠ್ಯಕ್ಕೆ ಜಾಗ ಎಷ್ಟೂ ಬೇಡ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಸಾವಿರ ಸಂಕೇತಗಳ ನೋಟಿಗೆ ಹತ್ತಿರ ಹತ್ತಿರ 3 ಕೆಬಿ, ಭಾರವೆಲ್ಲ ಫೋಟೊಗಳದು. ಜಿಪ್ ಬಿಚ್ಚಿ ಒಂದೆರಡು ಫೈಲನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಆ ಯಂತ್ರದಲ್ಲಿ ಕನ್ನಡ ಫಾಂಟಿಲ್ಲ ಎಂದರ್ಥ, ನೋಟು ಸುರಕ್ಷಿತವಾಗಿದೆ. ಚಿತ್ರವಿಚಿತ್ರ ಲ್ಯಾಟಿನ್ ಅಕ್ಷರಗಳು ಕಂಡರೆ ಅದನ್ನು ಹಾಗೇ ಸೇವ್ ಮಾಡಬೇಡಿ. ಮುಚ್ಚಿ, ಎಡಿಟರಿನಲ್ಲಿ ಯುಟಿಎಫ್-8 ಆರಿಸಿಕೊಂಡು ಮತ್ತೆ ತೆರೆಯಿರಿ.